ಹೊಸ ಮಾಷ್ಟ್ರು ಬಂದಾಗ ಕೇಳಬೇಕಾದ್ದು

ಜೂನ್ ತಿಂಗಳ ಮಳೆಯ ಜೊತೆಗೇ ನಮ್ಮ ಅಜ್ಜಾವರದ ಕಡೆಯ ಶಾಲೆಗಳಿಗೆ ಹೊಸ ಮುಖಗಳು ಬರುತ್ತವೆ. ವರ್ಗವಾಗಿ ಬಂದ ಟೀಚರ್, ಅತಿಥಿ ಶಿಕ್ಷಕರಾಗಿ ಸೇರಿಕೊಂಡ ಎಳೆಯ ಹುಡುಗ, ಘಟ್ಟದ ಮೇಲಿನಿಂದ ಮೊದಲ ಸಲ ಈ ಕಡೆಗೆ ಕಾಲಿಟ್ಟ ಮಾಷ್ಟ್ರು. ಸುಳ್ಯದಿಂದ ಪಯಸ್ವಿನಿ ದಾಟಿ ಬರುವ ಬಸ್ಸಿನಿಂದ ಅವರು ಇಳಿದ ಗಳಿಗೆಯಿಂದಲೇ ಊರಿನ ವಿಚಾರಣೆ ಶುರುವಾಗುತ್ತದೆ. ಯಾವ ಊರಿನವರು, ಬಿಡಾರ ಎಲ್ಲಿ ಮಾಡಿದ್ದಾರೆ, ಮದುವೆಯಾಗಿದೆಯೋ, ತುಳುವೋ ಅರೆಭಾಷೆಯೋ ಸ್ವಲ್ಪ ಅರ್ಥವಾಗುತ್ತದೆಯೋ. ಒಂದು ವಾರದೊಳಗೆ ಯಾರಾದರೂ ಬಾಳೆಗೊನೆಯನ್ನೋ ಹಲಸಿನಹಣ್ಣನ್ನೋ ಅವರ ಬಿಡಾರಕ್ಕೆ ಮುಟ್ಟಿಸಿರುತ್ತಾರೆ. ಇದು ಒಳ್ಳೆಯ ಪದ್ಧತಿ. ಮಕ್ಕಳನ್ನು ದಿನಕ್ಕೆ ಆರೇಳು ಗಂಟೆ ನಾವು ಯಾರ ಕೈಯಲ್ಲಿ ಬಿಡುತ್ತೇವೆಯೋ ಅವರನ್ನು ನಮ್ಮವರಾಗಿ ಮಾಡಿಕೊಳ್ಳಬೇಕು ಎಂಬ ತಿಳಿವಳಿಕೆ ಅದರ ಹಿಂದಿದೆ. ಆದರೆ ಎರಡು ಪ್ರಶ್ನೆಗಳನ್ನು ನಾವು ಕೇಳುವುದಿಲ್ಲ. ಪಾಠ ಮಾಡಲು ಅವರು ಅರ್ಹರೆಂದು ಯಾರು ತೀರ್ಮಾನಿಸಿದರು? ಹಿಂದಿನ ಊರಿನಲ್ಲಿ ಮಕ್ಕಳೊಂದಿಗೆ ಅವರು ಹೇಗೆ ನಡೆದುಕೊಂಡಿದ್ದರು ಎಂಬುದು ಯಾರಿಗೆ ಗೊತ್ತು?

ನಮ್ಮ ಜಿಲ್ಲೆಯಲ್ಲಿ ಹಿಂದೆ ಐಗಳ ಮಠಗಳಿದ್ದವು. ಹೊಯಿಗೆಯ ಮೇಲೆ ಬೆರಳಲ್ಲಿ ತಿದ್ದಿಸುತ್ತಿದ್ದ ಐಗಳಿಗೆ ಪರೀಕ್ಷೆಯೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಊರು ಅವರನ್ನು ಬಲ್ಲುದು, ಅಷ್ಟೇ ಅವರ ಅರ್ಹತೆ. ಈಗ ಹಾಗಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 23ನೇ ಕಲಮಿನ ಬಲದಿಂದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಅದೇ ವರ್ಷ ಆಗಸ್ಟ್ 23ರಂದು ಕನಿಷ್ಠ ಅರ್ಹತೆಗಳನ್ನು ಗೊತ್ತುಮಾಡಿತು. ಡಿ.ಎಡ್ ಅಥವಾ ಬಿ.ಎಡ್ ಇದ್ದರೆ ಸಾಲದು, ಶಿಕ್ಷಕರ ಅರ್ಹತಾ ಪರೀಕ್ಷೆಯನ್ನೂ ಪಾಸಾಗಬೇಕು. ನಾವೆಲ್ಲ ಟಿಇಟಿ ಎನ್ನುವುದು ಇದನ್ನೇ. ಒಂದರಿಂದ ಐದನೇ ತರಗತಿಗೆ ಒಂದು ಪತ್ರಿಕೆ, ಆರರಿಂದ ಎಂಟಕ್ಕೆ ಇನ್ನೊಂದು. 150 ಪ್ರಶ್ನೆ, ಪ್ರಶ್ನೆಗೊಂದು ಅಂಕ, ಸಾಮಾನ್ಯ ವರ್ಗದವರಿಗೆ ನೂರಕ್ಕೆ 60 ಬರಬೇಕು. ಪಾಸಾದ ಪತ್ರಕ್ಕೆ ಮೊದಲು ಏಳು ವರ್ಷದ ಅವಧಿಯಿತ್ತು. 2021ರಲ್ಲಿ ಅದನ್ನು ಜೀವಮಾನಕ್ಕೆ ವಿಸ್ತರಿಸಿದರು.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾಯ್ದೆ ಬರುವ ಮೊದಲೇ ಸೇರಿದ್ದ ಶಿಕ್ಷಕರು ಕೂಡ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ, ಎರಡು ವರ್ಷದೊಳಗೆ ಈ ಪರೀಕ್ಷೆ ಪಾಸಾಗಬೇಕು ಎಂದಿತು. ಐದು ವರ್ಷಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಬಡ್ತಿ ಮಾತ್ರ ಇಲ್ಲ. ಇಪ್ಪತ್ತು ವರ್ಷ ಪಾಠ ಮಾಡಿ, ಅರ್ಧ ಊರಿಗೆ ಅಕ್ಷರ ಕಲಿಸಿದ ಮೇಲೆ ಮತ್ತೆ ಪರೀಕ್ಷೆಗೆ ಕೂರಬೇಕಾದವರ ಕಳವಳ ನನಗೆ ಅರ್ಥವಾಗುತ್ತದೆ. ಆ ಪರೀಕ್ಷೆಗೆ ಓದಲು ಅವರಿಗೆ ಬಿಡುವು ಕೊಡುವ ಹೊಣೆ ಸರ್ಕಾರದ ಮೇಲಿದೆ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಂದು ಅವರನ್ನು ಓಡಾಡಿಸಿ ಪುಸ್ತಕ ಹಿಡಿಯಿರಿ ಎಂದರೆ ಅದು ನ್ಯಾಯವಲ್ಲ.

ಆದರೂ ಟಿಇಟಿ ಅಳೆಯುವುದು ಜ್ಞಾನವನ್ನು. ಶಿಶು ವಿಕಸನ, ಬೋಧನಾ ಕ್ರಮ, ಭಾಷೆ, ಗಣಿತ, ಪರಿಸರ ಇವೆಲ್ಲ ಅದರಲ್ಲಿವೆ. ನಡತೆಯನ್ನು ಅಳೆಯುವ ಪ್ರಶ್ನೆಪತ್ರಿಕೆಯನ್ನು ಯಾರೂ ತಯಾರಿಸಲಾರರು. ಮಕ್ಕಳನ್ನು ತುಂಬಿಕೊಂಡು ಹೋಗುವ ಜೀಪಿನ ಚಾಲಕನಿಗೆ ಲೈಸನ್ಸ್ ಇದೆ. ಅವನು ತಪ್ಪಿ ನಡೆದರೆ ಅದನ್ನು ಅಮಾನತು ಮಾಡಬಹುದು, ರದ್ದೂ ಮಾಡಬಹುದು, ಆಮೇಲೆ ಯಾವ ಊರಿಗೆ ಹೋದರೂ ಅವನು ಚಾಲಕನಲ್ಲ. ವಕೀಲರ ಸನ್ನದಿಗೂ ವೈದ್ಯರ ನೋಂದಣಿಗೂ ಇದೇ ನಿಯಮ. ಶಿಕ್ಷಕರಿಗೆ ನಮ್ಮ ದೇಶದಲ್ಲಿ ಅಂಥ ಪರವಾನಗಿ ಇಲ್ಲ. ಇರುವುದು ಅರ್ಹತೆ ಮತ್ತು ನೇಮಕಾತಿ. ಒಂದು ಶಾಲೆಯ ಕೆಲಸ ಹೋದರೂ ಪದವಿ ಹೋಗುವುದಿಲ್ಲ, ಟಿಇಟಿ ಪತ್ರವೂ ಹೋಗುವುದಿಲ್ಲ.

ಹಾಗಾದರೆ ನಡತೆಯನ್ನು ನೋಡುವವರು ಯಾರು? 2014ರ ಜುಲೈಯಲ್ಲಿ ಬೆಂಗಳೂರಿನ ಮಾರತಹಳ್ಳಿಯ ಒಂದು ಶಾಲೆಯಲ್ಲಿ ಆರು ವರ್ಷದ ಮಗುವಿಗೆ ಆದ ಅನ್ಯಾಯಕ್ಕೆ ಸಾವಿರಾರು ಪೋಷಕರು ಬೀದಿಗಿಳಿದದ್ದು ನೆನಪಿರಬಹುದು. ಶಾಲೆಗಳು ಯಾರನ್ನು, ಏನು ವಿಚಾರಿಸಿ ಕೆಲಸಕ್ಕೆ ಇಟ್ಟುಕೊಳ್ಳುತ್ತವೆ ಎಂದು ರಾಜ್ಯವೇ ಆಗ ಕೇಳಿತು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳಲ್ಲಿ ಅದಕ್ಕೆ ಒಂದು ಉತ್ತರವಿದೆ. ಮಕ್ಕಳ ನಿತ್ಯ ಸಂಪರ್ಕಕ್ಕೆ ಬರುವ ಎಲ್ಲ ಸಂಸ್ಥೆಗಳೂ ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಪೂರ್ವಾಪರ ವಿಚಾರಣೆಯನ್ನು ಆಗಾಗ ಮಾಡಿಸಬೇಕು. ಶಿಕ್ಷಕರು ಮಾತ್ರವಲ್ಲ, ಗುತ್ತಿಗೆಯವರು, ಅಡುಗೆಯವರು, ವಾಹನದವರು, ಕ್ರೀಡೆ ಕಲಿಸುವವರು ಎಲ್ಲರೂ ಇದರಲ್ಲಿ ಬಂದರು. 2018ರಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವೂ ಸಿದ್ಧವಾಯಿತು. ನಾವು ನೀವು ಅದನ್ನು ನೋಡುವಂತಿಲ್ಲ, ಪೊಲೀಸರು ನೋಡಬಹುದು.

ಇಲ್ಲಿ ನಾವು ಗೃಹಸ್ಥರು ಸ್ವಲ್ಪ ನಿಂತು ಯೋಚಿಸಬೇಕು. ಪೊಲೀಸ್ ಪರಿಶೀಲನೆಯಲ್ಲಿ ಏನು ಸಿಗುತ್ತದೆ? ಯಾವಾಗಲೋ, ಯಾವುದೋ ಊರಿನಲ್ಲಿ, ಯಾರೋ ಒಬ್ಬರು ಧೈರ್ಯ ಮಾಡಿ ಠಾಣೆಗೆ ತಿಳಿಸಿದ್ದು ಮಾತ್ರ ಸಿಗುತ್ತದೆ. ತಿಳಿಸದೆ ಬಿಟ್ಟದ್ದು ಯಾವ ಕಡತದಲ್ಲೂ ಇರುವುದಿಲ್ಲ. ದೆಹಲಿಯಲ್ಲಿ ಎಷ್ಟು ಬಿಗಿಯಾದ ನಿಯಮ ಮಾಡಿದರೂ ಅದು ಕಡೆಗೆ ಬಂದು ನಿಲ್ಲುವುದು ನಮ್ಮಂಥವರ ಅಂಗಳದಲ್ಲಿ.

ತಿಳಿಸದೆ ಬಿಡುವುದು ಹೇಗೆ ನಡೆಯುತ್ತದೆ ಎಂಬುದು ಹಳ್ಳಿಯಲ್ಲಿ ಬದುಕಿದವರಿಗೆ ಗೊತ್ತಿದೆ. ಮಗು ಮನೆಯಲ್ಲಿ ಏನೋ ಹೇಳುತ್ತದೆ. ತಾಯಿ ನೆರೆಯವರಲ್ಲಿ ಹೇಳುತ್ತಾಳೆ. ಹಿರಿಯರೊಬ್ಬರ ಜಗಲಿಯಲ್ಲಿ ಹತ್ತು ಸಮಸ್ತರು ಸೇರುತ್ತಾರೆ. "ಹೊರಗೆ ಹೋದ್ರೆ ಶಾಲೆಯ ಹೆಸರು ಹಾಳಾಗ್ತದೆ" ಎನ್ನುತ್ತಾರೆ ಒಬ್ಬರು. ಆ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈ ಶಾಲೆಗಳು ನಮ್ಮ ಹಿರಿಯರು ಜಾಗ ಬಿಟ್ಟುಕೊಟ್ಟು, ಶ್ರಮದಾನದಲ್ಲಿ ಕಲ್ಲು ಹೊತ್ತು ಕಟ್ಟಿದವು. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಇನ್ನು ಹತ್ತು ಮಕ್ಕಳು ಪೇಟೆಯ ಶಾಲೆಗೆ ಹೋದರೆ ಬಾಗಿಲು ಮುಚ್ಚುವ ಭಯ ನಿಜವಾದದ್ದು. "ನಾಳೆ ಹುಡುಗಿಗೆ ಮದುವೆ ಆಗ್ಬೇಕಲ್ಲ" ಎನ್ನುತ್ತಾರೆ ಇನ್ನೊಬ್ಬರು. "ಅವರಿಗೂ ಹೆಂಡತಿ ಮಕ್ಕಳಿದ್ದಾರೆ" ಎನ್ನುತ್ತಾರೆ ಮತ್ತೊಬ್ಬರು. ಯಾರೂ ಕೆಟ್ಟವರಲ್ಲ. ಕೊನೆಗೆ ಆ ವ್ಯಕ್ತಿ ಇಲ್ಲಿಂದ ಹೋದರೆ ಸಾಕು ಎಂದಾಗುತ್ತದೆ. ಸರ್ಕಾರಿ ಶಾಲೆಯಾದರೆ ಎತ್ತಂಗಡಿಗೆ ಯಾರನ್ನಾದರೂ ಹಿಡಿಯುತ್ತಾರೆ. ಖಾಸಗಿ ಶಾಲೆಯಾದರೆ ರಾಜೀನಾಮೆ ಬರೆಸಿಕೊಳ್ಳುತ್ತಾರೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ವಿಚಾರಣೆ ನಡೆಸದೆ ಖಾಸಗಿ ಶಾಲೆಯ ಶಿಕ್ಷಕರನ್ನು ವಜಾ ಮಾಡುವಂತಿಲ್ಲ. ವಿಚಾರಣೆಯೆಂದರೆ ಸಾಕ್ಷಿ, ಪತ್ರ, ತಿಂಗಳುಗಟ್ಟಲೆ ಓಡಾಟ. ರಾಜೀನಾಮೆಗೆ ಅದೇನೂ ಬೇಡ. ಹೋಗುವಾಗ ಅನುಭವದ ಪತ್ರವೊಂದನ್ನೂ ಕೊಟ್ಟು ಕಳಿಸುತ್ತಾರೆ. ಅದರಲ್ಲಿ ನಡತೆ ಉತ್ತಮ ಎಂದು ಇರುತ್ತದೆ.

ಆ ಪತ್ರ ಹಿಡಿದು ಅವರು ಎಲ್ಲಿಗೆ ಹೋಗುತ್ತಾರೆ? ಇನ್ನೊಂದು ಊರಿಗೆ. ಅಲ್ಲಿಯೂ ಜೂನ್ ತಿಂಗಳಲ್ಲಿ ಮಳೆ ಬರುತ್ತಿರುತ್ತದೆ, ಅಲ್ಲಿಯ ತಾಯಂದಿರೂ ಯಾವ ಊರು, ಬಿಡಾರ ಎಲ್ಲಿ ಎಂದು ಪ್ರೀತಿಯಿಂದ ಕೇಳುತ್ತಾರೆ. ನಾವು ನಮ್ಮ ಮಕ್ಕಳನ್ನು ಕಾಪಾಡಿಕೊಂಡೆವು ಎಂದುಕೊಂಡದ್ದು ನಿಜದಲ್ಲಿ ಕಷ್ಟವನ್ನು ಬೇರೆಯವರ ಮಕ್ಕಳ ಕಡೆಗೆ ದಾಟಿಸಿದ್ದು. ಈ ಒಂದು ಮಾತನ್ನು ಆ ಜಗಲಿಯಲ್ಲಿ ಕುಳಿತಾಗ ಯಾರಾದರೂ ಗಟ್ಟಿಯಾಗಿ ಹೇಳಬೇಕು ಎಂಬುದೇ ಇವತ್ತು ನಾನಿದನ್ನು ಬರೆಯಲು ಕಾರಣ.

ಇದು ನಮ್ಮೂರಿನದೊಂದೇ ರೋಗವಲ್ಲ. ನಮ್ಮ ತಾಲೂಕಿನ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ, ಮೊಮ್ಮಕ್ಕಳು ಅಲ್ಲಿನ ಶಾಲೆಗೆ ಹೋಗುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷಕರಿಗೆ ರಾಜ್ಯದ ಆಯೋಗವೊಂದು ಪರವಾನಗಿ ಕೊಡುತ್ತದೆ, ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ದುರ್ನಡತೆಯ ಆರೋಪ ಬಾಕಿ ಇರುವಾಗ ಶಿಕ್ಷಕರು ತಾವಾಗಿ ರಾಜೀನಾಮೆ ಕೊಟ್ಟು ಹೋದರೂ ಶಾಲಾ ಜಿಲ್ಲೆಯ ಮುಖ್ಯಸ್ಥರು 30 ದಿನದೊಳಗೆ ಅದನ್ನು ಆಯೋಗಕ್ಕೆ ವರದಿ ಮಾಡಬೇಕು. 2015ರಲ್ಲಿ ಆ ದೇಶದ ಸಂಸತ್ತು ಇನ್ನೊಂದು ಕಾನೂನು ಮಾಡಿತು. ಮಕ್ಕಳ ಮೇಲೆ ಲೈಂಗಿಕ ದುರ್ನಡತೆ ಎಸಗಿದ್ದಾನೆಂದು ಗೊತ್ತಿದ್ದೂ, ಅಥವಾ ನಂಬಲು ಕಾರಣವಿದ್ದೂ, ಅಂಥವನಿಗೆ ಬೇರೆ ಶಾಲೆಯಲ್ಲಿ ಕೆಲಸ ಸಿಗಲು ಸಹಾಯ ಮಾಡಕೂಡದು ಎಂದು. ಅಷ್ಟು ಸ್ಪಷ್ಟವಾಗಿ ಬರೆಯಬೇಕಾಯಿತೆಂದರೆ ಅಲ್ಲಿಯೂ ಒಳ್ಳೆಯ ಪತ್ರ ಕೊಟ್ಟು ಸಾಗಹಾಕುವ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತು ನೋಡಿ.

ನಮ್ಮಲ್ಲಿ ಶಿಕ್ಷಕರ ಪರವಾನಗಿ ಇಲ್ಲದಿರಬಹುದು, ತಿಳಿಸುವ ಕಾನೂನು ಮಾತ್ರ ಗಟ್ಟಿಯಾಗಿದೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 19ನೇ ಕಲಮು ಹೇಳುವುದೇನೆಂದರೆ, ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದ ಯಾವುದೇ ವ್ಯಕ್ತಿ, ನಡೆಯಬಹುದು ಎಂಬ ಆತಂಕವಿರುವ ಯಾವುದೇ ವ್ಯಕ್ತಿ, ಸ್ಥಳೀಯ ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಬೇಕು. ಬಿಸಿಯೂಟದ ಅಡುಗೆಯ ಅಕ್ಕನಾಗಲಿ, ಜೊತೆಯ ಮಗುವಾಗಲಿ, ಯಾರೂ ತಿಳಿಸಬಹುದು. ತಿಳಿದೂ ತಿಳಿಸದ ದೊಡ್ಡವರಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ತನ್ನ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಶಾಲಾ ಹಾಸ್ಟೆಲೊಂದರ ಪ್ರಕರಣದಲ್ಲಿ, ವಿಷಯ ಗೊತ್ತಿದ್ದೂ ತಿಳಿಸಲಿಲ್ಲವೆಂದು ಒಬ್ಬ ವೈದ್ಯರ ಮೇಲೆ ಮೊಕದ್ದಮೆ ಹೂಡಿದ್ದರು. ಹೈಕೋರ್ಟ್ ಅದನ್ನು ರದ್ದುಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೀವಂತಗೊಳಿಸಿ, ಹೀಗೆ ಸುಮ್ಮನಿರುವುದೇ ಗಂಭೀರ ಅಪರಾಧವೆಂದು ಹೇಳಿತು.

ಕಾನೂನು ಕೇಳಿದ್ದು ಪುರಾವೆಯನ್ನಲ್ಲ, ಆತಂಕ ಇದ್ದರೆ ಸಾಕು ಎಂದಿದೆ. ನಮ್ಮಂಥವರು ತಡೆದು ನಿಲ್ಲುವುದು ಇಲ್ಲಿಯೇ. "ಸತ್ಯವೋ ಸುಳ್ಳೋ ಗೊತ್ತಿಲ್ಲದೆ ಒಬ್ಬರ ಹೆಸರು ಹೇಗೆ ಕೆಡಿಸುವುದು?" ಎಂಬ ಸಂಕೋಚ ಸಜ್ಜನಿಕೆಯಿಂದ ಹುಟ್ಟಿದ್ದು, ಅದಕ್ಕೆ ನನ್ನ ಗೌರವವಿದೆ. ಆದರೆ ಆ ಸತ್ಯಶೋಧನೆಯ ಭಾರವನ್ನು ಯಾರೂ ನಮ್ಮ ತಲೆಯ ಮೇಲೆ ಇಟ್ಟಿಲ್ಲ. ನಾವೇ ಹೊತ್ತುಕೊಂಡು ಮಗುವನ್ನು ಮತ್ತೆ ಮತ್ತೆ ಕೂರಿಸಿ ಕೇಳಿದರೆ ಅದರ ಮಾತೂ ಕದಡುತ್ತದೆ, ಮನಸ್ಸೂ ಕದಡುತ್ತದೆ. ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ ಎಂದು ಅದೇ 19ನೇ ಕಲಮು ಅಭಯ ಕೊಟ್ಟಿದೆ. ದ್ವೇಷದಿಂದ ಸುಳ್ಳು ದೂರು ಕೊಟ್ಟವರಿಗೆ 22ನೇ ಕಲಮಿನಲ್ಲಿ ಶಿಕ್ಷೆಯೂ ಇದೆ. ನಿರಪರಾಧಿಯಾದ ಶಿಕ್ಷಕನಿಗೆ ಕೂಡ ಜಗಲಿಯ ಪಂಚಾತಿಕೆಗಿಂತ ಕ್ರಮಬದ್ಧ ವಿಚಾರಣೆಯೇ ಹೆಚ್ಚು ಕ್ಷೇಮ. ಅಲ್ಲಿ ಅವನ ಮಾತನ್ನೂ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಕೊನೆಗೆ ಒಂದು ತೀರ್ಪು ಸಿಗುತ್ತದೆ. ಪಿಸುಮಾತಿಗೆ ತೀರ್ಪು ಎಂಬುದೇ ಇಲ್ಲ.

ಇನ್ನೊಂದು ವಿಪರೀತವನ್ನೂ ಹೇಳಬೇಕು. ಠಾಣೆಗೆ ತಿಳಿಸಲು ಹಿಂಜರಿಯುವ ನಾವು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಿಕೊಳ್ಳಲು ಹಿಂಜರಿಯುವುದಿಲ್ಲ. ಯಾವ ಶಾಲೆ, ಯಾರ ಮಗು, ಯಾವ ಮನೆ ಎಂದು ಸಂಜೆಯೊಳಗೆ ಸುಳ್ಯದಿಂದ ದುಬೈವರೆಗೆ ತಲುಪಿರುತ್ತದೆ. ಮಗುವಿನ ಗುರುತು ಹೊರಗೆ ಬರುವಂತೆ ಮಾಡುವುದನ್ನು ಪೋಕ್ಸೊ ಕಾಯ್ದೆಯೂ 2015ರ ಬಾಲನ್ಯಾಯ ಕಾಯ್ದೆಯೂ ಅಪರಾಧವೆಂದಿವೆ. ಮಾತಾಡಬೇಕಾದ ಒಂದು ಜಾಗದಲ್ಲಿ ಮೌನ, ಮೌನವಾಗಿರಬೇಕಾದ ನೂರು ಜಾಗಗಳಲ್ಲಿ ಮಾತು. ಎರಡರಿಂದಲೂ ನೋಯುವುದು ಅದೇ ಮಗು.

ಠಾಣೆ ಎಂದ ಕೂಡಲೇ ಮಗುವನ್ನು ಅಲ್ಲಿ ಕೂರಿಸುತ್ತಾರೆ ಎಂಬ ಅಂಜಿಕೆ ಬೇಡ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು, ಸಾಧ್ಯವಾದಷ್ಟು ಮಹಿಳಾ ಸಬ್ ಇನ್‌ಸ್ಪೆಕ್ಟರೇ ಬರಬೇಕು, ಸಮವಸ್ತ್ರದಲ್ಲಿ ಬರುವಂತಿಲ್ಲ, ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ನಾವು ತಿಳಿಸಿದ್ದಕ್ಕೆ ಒಂದು ಸಂಖ್ಯೆ ಕೊಟ್ಟು, ಬರೆದುಕೊಂಡು, ನಮಗೆ ಓದಿ ಹೇಳಬೇಕು. 24 ಗಂಟೆಯೊಳಗೆ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಮುಟ್ಟಬೇಕು. ಠಾಣೆಯ ಮೆಟ್ಟಿಲು ಹತ್ತಲು ಇನ್ನೂ ಕಷ್ಟವೆನಿಸಿದರೆ 1098 ಇದೆ, ಮಕ್ಕಳ ಸಹಾಯವಾಣಿ. ಮನೆಯಿಂದಲೇ ಕರೆ ಮಾಡಬಹುದು.

ಎಲ್ಲ ದೂರುಗಳೂ ಪೊಲೀಸರ ಬಳಿಗೆ ಹೋಗಬೇಕಾದವು ಎಂದೇನೂ ಅಲ್ಲ. ಬೆತ್ತ ಬೀಸುವುದು, ಜಾತಿ ಎತ್ತಿ ಆಡುವುದು, ಎಲ್ಲರೆದುರು ಅವಮಾನಿಸುವುದು ಇವೂ ಸಣ್ಣ ಸಂಗತಿಗಳಲ್ಲ. ಶಿಕ್ಷಣದ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಇಂಥವಕ್ಕೆ ಮೊದಲು ಮುಖ್ಯಶಿಕ್ಷಕರು, ಆಮೇಲೆ ಎಸ್‌ಡಿಎಂಸಿ, ಅಲ್ಲೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬೇಕು. ಬಾಯಿಮಾತಿನ ದೂರು ಬಾಯಿಮಾತಿನಲ್ಲೇ ಕರಗಿಹೋಗುತ್ತದೆ.

ಇಷ್ಟೆಲ್ಲ ಹೇಳುವಾಗ ನನ್ನ ಕಣ್ಣ ಮುಂದೆ ಇರುವುದು ತಪ್ಪು ಮಾಡಿದವರಿಗಿಂತ ಹೆಚ್ಚಾಗಿ, ಮಳೆಗಾಲದಲ್ಲಿ ಹೊಳೆ ಏರಿದಾಗ ಸಂಕದವರೆಗೆ ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ದಾಟಿಸುವ ಟೀಚರುಗಳು, ಸ್ವಂತ ದುಡ್ಡಿನಲ್ಲಿ ನೋಟ್ಸ್ ಪುಸ್ತಕ ತಂದುಕೊಡುವ ಮಾಷ್ಟ್ರುಗಳು. ಅವರ ಸಂಖ್ಯೆಯೇ ದೊಡ್ಡದು. ಒಬ್ಬರ ತಪ್ಪನ್ನು ಮುಚ್ಚಿಟ್ಟಾಗ ಎಲ್ಲರ ಮೇಲೂ ಅನುಮಾನದ ನೆರಳು ಬೀಳುತ್ತದೆ. ಮಗುವಿನ ತಲೆ ಸವರಲೂ ಅವರು ಹೆದರುವಂತಾಗುತ್ತದೆ. ತಪ್ಪು ಮಾಡಿದವರನ್ನು ಕಾನೂನಿಗೆ ಒಪ್ಪಿಸುವ ಊರಿನಲ್ಲಿ ಮಾತ್ರ ಒಳ್ಳೆಯ ಶಿಕ್ಷಕರು ನಿರಾಳವಾಗಿ ಪಾಠ ಮಾಡಬಲ್ಲರು.

ಮುಂದಿನ ಪೋಷಕರ ಸಭೆಗೆ ಹೋದಾಗ ಸುಣ್ಣಬಣ್ಣ, ವಾರ್ಷಿಕೋತ್ಸವದ ಮಾತು ಮುಗಿದ ಮೇಲೆ ಎರಡು ವಿಷಯ ಕೇಳೋಣ. ಹೊಸದಾಗಿ ಸೇರಿದವರ ಪೊಲೀಸ್ ಪರಿಶೀಲನೆ ಆಗಿದೆಯೇ? ಅತಿಥಿ ಶಿಕ್ಷಕರದ್ದು, ವ್ಯಾನಿನವರದ್ದು, ಶನಿವಾರ ಯಕ್ಷಗಾನ ನಾಟ್ಯವನ್ನೋ ಕರಾಟೆಯನ್ನೋ ಕಲಿಸಲು ಬರುವವರದ್ದು? ಹಿಂದೆ ಕೆಲಸ ಮಾಡಿದ ಶಾಲೆಯ ಮುಖ್ಯಶಿಕ್ಷಕರಿಗೆ ಯಾರಾದರೂ ಫೋನ್ ಮಾಡಿ ವಿಚಾರಿಸಿದ್ದಾರೆಯೇ? ಒಳ್ಳೆಯ ಶಿಕ್ಷಕರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ಅವರ ಮಕ್ಕಳೂ ಎಲ್ಲೋ ಒಂದು ಶಾಲೆಗೆ ಹೋಗುತ್ತಿರುತ್ತಾರೆ. ಪಂಚಾಯತಿನಲ್ಲಿ ಮಕ್ಕಳ ಗ್ರಾಮಸಭೆ ನಡೆಯುವಾಗ ಮಕ್ಕಳು ಆಟದ ಮೈದಾನ, ಶೌಚಾಲಯ, ಬಸ್ಸು ಎಂದು ಕೇಳುತ್ತಾರೆ. ಅದೇ ಸಭೆಯಲ್ಲಿ 1098 ಎಂದರೆ ಏನು, ಕರೆ ಮಾಡಿದರೆ ಯಾರು ಮಾತಾಡುತ್ತಾರೆ, ಆಮೇಲೆ ಏನಾಗುತ್ತದೆ ಎಂಬುದನ್ನು ಹತ್ತು ನಿಮಿಷ ಅವರಿಗೆ ಅರ್ಥವಾಗುವ ಮಾತಿನಲ್ಲಿ, ತುಳುವಿನಲ್ಲಿಯೂ ಅರೆಭಾಷೆಯಲ್ಲಿಯೂ ಮಲಯಾಳದಲ್ಲಿಯೂ ವಿವರಿಸುವಂತೆ ಪಿಡಿಒ ಅವರನ್ನು ನಾವು ಕೇಳಿಕೊಳ್ಳಬಹುದು. ಅದಕ್ಕೆ ಅನುದಾನ ಬೇಕಿಲ್ಲ, ಮೇಲಿನಿಂದ ಆದೇಶವೂ ಬರಬೇಕಿಲ್ಲ.